ಒಂದು ಹೊಡೆತದ ಅಂತರ: ಅದಿತಿ ಅಶೋಕ್ ಅವರ ಗಾಲ್ಫ್ ಬದುಕನ್ನು ಓದುವುದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)

ಪೊಳಲಿಯಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ವಿಷಯ ಗಾಲ್ಫ್. "ಅದೆಂತದು ಮಾರಾಯ್ರೆ, ಅದು ದುಡ್ಡಿದ್ದವರ ಆಟ, ನಮಗ್ಯಾಕೆ?" ಅಂತ ಕೆಲವರು ಈಗಲೇ ಫೋನ್ ಕೆಳಗಿಡಬಹುದು. ಇಡಬೇಡಿ. ಇದು ಬೆಂಗಳೂರಿನ ಒಬ್ಬ ಹುಡುಗಿ 20 ವರ್ಷ ನಡೆದು ಬಂದ ದಾರಿಯ ಕಥೆ. ಅದರ ಜೊತೆಗೆ ಒಂದು ಪ್ರಶ್ನೆಯೂ ಉಂಟು. ಪದಕ ಸಿಗಲಿಲ್ಲ ಅಂದ ಕೂಡಲೇ ಒಬ್ಬರ ದುಡಿಮೆಯನ್ನು ನಾವು "ಸೋಲು" ಅಂತ ಬರೆದುಬಿಡಬಹುದಾ?

2021ರ ಆಗಸ್ಟ್ 7 ನೆನಪಿಸಿಕೊಳ್ಳಿ. ಆ ದಿನ ಸಂಜೆ ಟೋಕಿಯೊದಲ್ಲಿ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು. ದೇಶಕ್ಕೆ ದೇಶವೇ ಕುಣಿಯಿತು. ಆದರೆ ಅದೇ ದಿನ ಬೆಳಿಗ್ಗೆ, ನಮ್ಮಲ್ಲಿ ಹಲವರು ಚಹಾ ಕುಡಿಯುವ ಹೊತ್ತಿಗೆ, ಕರ್ನಾಟಕದ ಅದಿತಿ ಅಶೋಕ್ ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಿದ್ದರು. ಪದಕಕ್ಕೂ ಅವರಿಗೂ ಇದ್ದ ಅಂತರ ಒಂದೇ ಒಂದು ಹೊಡೆತ. ಸಂಜೆಯ ಚಿನ್ನದ ಬೆಳಕಿನಲ್ಲಿ ಬೆಳಗಿನ ನಾಲ್ಕನೇ ಸ್ಥಾನ ಮರೆಯಾಗಿ ಹೋಯ್ತು.

ಆ ಒಂದು ಹೊಡೆತ ಎಷ್ಟು ಭಾರದ್ದು ಅಂತ ತಿಳಿಯಬೇಕಾದರೆ ಮೊದಲು ಆಟ ಅರ್ಥವಾಗಬೇಕು.

ಆಟದ ಲೆಕ್ಕ

ನಮಗೆ ಚೆಂಡು ಅಂದರೆ ಪೊಳಲಿ ಚೆಂಡು. ಜಾತ್ರೆಯ ಕೊನೆಯ ದಿನಗಳಲ್ಲಿ ದೇವಸ್ಥಾನದ ಎದುರಿನ ಗದ್ದೆಯಲ್ಲಿ ನೂರಾರು ಜನ ಒಂದೇ ಚರ್ಮದ ಚೆಂಡಿನ ಹಿಂದೆ ಬೀಳ್ತಾರೆ. ತಳ್ಳಾಟ, ಎಳೆದಾಟ, ಬೊಬ್ಬೆ. ಚೆಂಡು ಯಾರ ಕೈಯಲ್ಲಿ ಉಂಟು ಅಂತ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಗಾಲ್ಫ್ ಅದಕ್ಕೆ ಪೂರ್ತಿ ಉಲ್ಟಾ. ನಿಮ್ಮ ಚೆಂಡನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಯಾರೂ ಅಡ್ಡ ಬರುವುದಿಲ್ಲ. ತಪ್ಪಾದರೆ ಅದು ನಿಮ್ಮದೇ ತಪ್ಪು, ಬೇರೆಯವರ ಮೇಲೆ ಹಾಕುವ ಹಾಗಿಲ್ಲ.

ಆಟ ಇಷ್ಟೇ: ಚೆಂಡನ್ನು ಕೋಲಿನಿಂದ ಹೊಡೆದು, ದೂರದಲ್ಲಿರುವ ಒಂದು ಕುಳಿಗೆ ಬೀಳಿಸಬೇಕು. ಕುಳಿಯ ಅಗಲ 108 ಮಿಲಿಮೀಟರ್. ಚೆಂಡಿನ ತೂಕ 46 ಗ್ರಾಂಗಿಂತ ಕಡಿಮೆ. ಹೊರಡುವ ಜಾಗದಿಂದ ಕುಳಿಯವರೆಗಿನ ಒಂದು ಹಾದಿಗೆ ಒಂದು 'ಹೋಲ್' ಅನ್ನುತ್ತಾರೆ. ಇಂಥ 18 ಹೋಲ್ ಆಡಿದರೆ ಒಂದು ಸುತ್ತು. ದೊಡ್ಡ ಪಂದ್ಯಗಳಲ್ಲಿ ನಾಲ್ಕು ದಿನ, ದಿನಕ್ಕೊಂದು ಸುತ್ತು, ಒಟ್ಟು 72 ಹೋಲ್. ಆಟಗಾರರು ಗರಿಷ್ಠ 14 ಕೋಲುಗಳನ್ನು ಜೊತೆಗೆ ಇಟ್ಟುಕೊಳ್ಳಬಹುದು. ಆ ಚೀಲ ಹೊತ್ತು, ಗಾಳಿ, ಇಳಿಜಾರು, ದೂರ ನೋಡಿ ಸಲಹೆ ಕೊಡುವವರು ಕ್ಯಾಡಿ.

ಪ್ರತಿ ಹೋಲ್‌ಗೂ ಒಂದು ಅಳತೆ ಉಂಟು, ಅದು 'ಪಾರ್'. ಚೆನ್ನಾಗಿ ಆಡುವವರು ಎಷ್ಟು ಹೊಡೆತದಲ್ಲಿ ಮುಗಿಸಬೇಕು ಅನ್ನುವ ಲೆಕ್ಕ. ಸಾಮಾನ್ಯವಾಗಿ ಮೂರು, ನಾಲ್ಕು ಅಥವಾ ಐದು. ಪಾರ್‌ಗಿಂತ ಒಂದು ಕಡಿಮೆಯಲ್ಲಿ ಮುಗಿಸಿದರೆ 'ಬರ್ಡಿ'. ಒಂದು ಹೆಚ್ಚಾದರೆ 'ಬೋಗಿ'. ಕಡಿಮೆ ಹೊಡೆದವರೇ ಗೆದ್ದವರು. ಕ್ರಿಕೆಟ್‌ನಲ್ಲಿ ಹೆಚ್ಚು ರನ್ ಬೇಕು, ಇಲ್ಲಿ ಕಡಿಮೆ ಲೆಕ್ಕ ಬೇಕು. ಅಷ್ಟು ತಿಳಿದರೆ ಇವತ್ತಿನ ಸಂಚಿಕೆಗೆ ಸಾಕು.

ಇನ್ನೊಂದು ಮುಖ್ಯ ವಿಷಯ. ನೂರೈವತ್ತು ಮೀಟರ್ ದೂರ ಹಾರಿಸಿದ ಹೊಡೆತವೂ ಒಂದೇ ಲೆಕ್ಕ, ಕುಳಿಯ ಪಕ್ಕದಿಂದ ಅರ್ಧ ಅಡಿ ತಳ್ಳಿದ್ದೂ ಒಂದೇ ಲೆಕ್ಕ. ಅದಿತಿ ಅವರ ಬದುಕೇ ಈ ನಿಯಮದ ಮೇಲೆ ನಿಂತಿದೆ. ಹೇಗೆ ಅಂತ ಮುಂದೆ ಹೇಳ್ತೇನೆ.

ಐದು ವರ್ಷದ ಹುಡುಗಿ

ಅದಿತಿ ಹುಟ್ಟಿದ್ದು 1998ರ ಮಾರ್ಚ್ 29ರಂದು, ಬೆಂಗಳೂರಿನಲ್ಲಿ. ಮನೆಯಲ್ಲಿ ಯಾರಿಗೂ ಗಾಲ್ಫ್ ಗೊತ್ತಿರಲಿಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣುವ ಒಂದು ಹೋಟೆಲಿಗೆ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದಾಗ ಆಟ ಕಣ್ಣಿಗೆ ಬಿತ್ತು, ಐದು ವರ್ಷದ ಮಗು ಆಡಬೇಕು ಅಂತ ಕೇಳಿತು ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಮಗಳ ಜೊತೆಗೆ ಅಪ್ಪ ಅಮ್ಮನೂ ಆಟ ಕಲಿತರು. ಮುಂದೆ ಅಪ್ಪ ಅಶೋಕ್ ಗುಡ್ಲಮಣಿ ಹಲವು ವರ್ಷ ಮಗಳ ಕ್ಯಾಡಿಯಾದರು.

ಬೆಂಗಳೂರಿಗೆ ಗಾಲ್ಫ್ ಹೊಸತಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆದರೆ ಕ್ಲಬ್ ಹಳೆಯದಾದ ಮಾತ್ರಕ್ಕೆ ಹೆಣ್ಣುಮಕ್ಕಳಿಗೆ ದಾರಿ ಆಗುವುದಿಲ್ಲ. ಅದಿತಿ ಕಲಿಯುವ ಕಾಲದಲ್ಲಿ ಭಾರತದ ಮಹಿಳೆಯರಲ್ಲಿ ಅಮೆರಿಕದ ಎಲ್‌ಪಿಜಿಎ ಟೂರ್ ಆಡಿದವರು ಅಂದರೆ ಕೋಲ್ಕತ್ತಾದ ಸ್ಮೃತಿ ಮೆಹ್ರಾ ಒಬ್ಬರ ಹೆಸರೇ ಬರುತ್ತಿತ್ತು.

2011ರಲ್ಲಿ, 13ನೇ ವಯಸ್ಸಿನಲ್ಲಿ, ಅದಿತಿ ದೇಶದ ವೃತ್ತಿಪರ ಮಹಿಳಾ ಟೂರ್‌ನ ಒಂದು ಪಂದ್ಯವನ್ನು ಹವ್ಯಾಸಿಯಾಗಿಯೇ ಗೆದ್ದರು. 2013ರಲ್ಲಿ ಏಷ್ಯನ್ ಯೂತ್ ಗೇಮ್ಸ್, 2014ರಲ್ಲಿ ಯೂತ್ ಒಲಿಂಪಿಕ್ಸ್ ಮತ್ತು ಏಷ್ಯನ್ ಗೇಮ್ಸ್. 2015ರಲ್ಲಿ ಬ್ರಿಟನ್ನಿನ ಮಹಿಳಾ ಹವ್ಯಾಸಿ ಸ್ಟ್ರೋಕ್ ಪ್ಲೇ ಚಾಂಪಿಯನ್‌ಷಿಪ್ ಗೆಲುವು. ಇದೆಲ್ಲ ಬೆಂಗಳೂರಿನ ಫ್ರಾಂಕ್ ಆಂಟನಿ ಪಬ್ಲಿಕ್ ಸ್ಕೂಲಿನಲ್ಲಿ ಓದುತ್ತಲೇ. 2016ರಲ್ಲಿ ಶಾಲೆ ಮುಗಿಯಿತು, ಅದೇ ವರ್ಷ ಒಲಿಂಪಿಕ್ಸ್!

'ಕಾರ್ಡ್' ಅಂದರೆ ಎಂತದು?

ವೃತ್ತಿಪರ ಗಾಲ್ಫ್‌ನಲ್ಲಿ ತಿಂಗಳ ಸಂಬಳ ಇಲ್ಲ. ಐಪಿಎಲ್ ಹಾಗೆ ಹರಾಜೂ ಇಲ್ಲ. ಟೂರ್ ಅಂತ ಉಂಟು, ಅಂದರೆ ವರ್ಷವಿಡೀ ಊರೂರಿಗೆ ಸಾಗುವ ಪಂದ್ಯಗಳ ಸಾಲು. ಹೇಳುವುದಾದರೆ ನಮ್ಮ ಯಕ್ಷಗಾನ ಮೇಳದ ತಿರುಗಾಟದ ಹಾಗೆ, ಇವತ್ತು ಒಂದು ಊರು, ಮುಂದಿನ ವಾರ ಇನ್ನೊಂದು. ಒಂದೇ ವ್ಯತ್ಯಾಸ, ಮೇಳದಲ್ಲಿ ಕಲಾವಿದರಿಗೆ ಸಂಬಳ ಗೊತ್ತುಪಡಿಸಿರುತ್ತದೆ. ಇಲ್ಲಿ ಖರ್ಚೆಲ್ಲ ನಿಮ್ಮದೇ. ವಿಮಾನ, ವಸತಿ, ಊಟ, ಕ್ಯಾಡಿಗೆ ಕೊಡುವ ಹಣ, ಎಲ್ಲ.

ಟೂರ್ ಆಡಲು ಅರ್ಹತೆ ಬೇಕು. ಆ ಅರ್ಹತೆಗೇ 'ಕಾರ್ಡ್' ಅನ್ನುವುದು. ಅದನ್ನು ಪಡೆಯಲು 'ಟೂರ್ ಸ್ಕೂಲ್' ಎಂಬ ಅರ್ಹತಾ ಪಂದ್ಯ. ಸ್ಕೂಲ್ ಅಂತ ಹೆಸರು, ಆದರೆ ಪಾಠ ಇಲ್ಲ, ಬರೀ ಪರೀಕ್ಷೆ. 2015ರ ಡಿಸೆಂಬರಿನಲ್ಲಿ ಮೊರಾಕ್ಕೊದಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ಈ ಪರೀಕ್ಷೆಯಲ್ಲಿ ಅದಿತಿ ಮೊದಲಿಗರಾಗಿ ಬಂದರು. ಭಾರತದ ಯಾರೂ ಅದನ್ನು ಅಲ್ಲಿಯವರೆಗೆ ಗೆದ್ದಿರಲಿಲ್ಲ. ಆಗ ಅವರಿಗೆ 17 ವರ್ಷ.

ಕಾರ್ಡ್ ಸಿಕ್ಕಿದ ಮೇಲೆ ಇನ್ನೊಂದು ಕತ್ತಿ ತಲೆಯ ಮೇಲೆ ತೂಗ್ತಾ ಇರ್ತದೆ. ಅದಕ್ಕೆ 'ಕಟ್' ಅನ್ನುತ್ತಾರೆ. ಎರಡು ಸುತ್ತು ಆದ ಮೇಲೆ ಸುಮಾರು ಅರ್ಧದಷ್ಟು ಆಟಗಾರರನ್ನು ಮನೆಗೆ ಕಳಿಸ್ತಾರೆ. ಕಟ್ ದಾಟಿದವರಿಗೆ ಮಾತ್ರ ಬಹುಮಾನದ ಹಣ. ದಾಟದೇ ಇದ್ದರೆ ಆ ವಾರದ ಗಳಿಕೆ ಸೊನ್ನೆ, ಖರ್ಚು ಮಾತ್ರ ಪೂರ್ತಿ. ವರ್ಷದ ಕೊನೆಗೆ ಪಟ್ಟಿಯಲ್ಲಿ ತೀರಾ ಕೆಳಗೆ ಹೋದರೆ ಕಾರ್ಡೂ ಹೋಗ್ತದೆ, ಮತ್ತೆ ಪರೀಕ್ಷೆ. ಇಂಥ ಲೋಕದಲ್ಲಿ ವರ್ಷದಿಂದ ವರ್ಷಕ್ಕೆ ಜಾಗ ಉಳಿಸಿಕೊಳ್ಳುವುದೇ ಒಂದು ಸಾಧನೆ. ನಮ್ಮ ಪತ್ರಿಕೆಗಳಲ್ಲಿ ಅದು ಸುದ್ದಿ ಆಗುವುದಿಲ್ಲ, ಅಷ್ಟೆ.

2016: ಒಂದೇ ವರ್ಷದಲ್ಲಿ ಎಷ್ಟೊಂದು

2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಗಾಲ್ಫ್ 112 ವರ್ಷಗಳ ನಂತರ ಮರಳಿ ಬಂತು. 18ರ ಅದಿತಿ ಮಹಿಳಾ ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯರು. ಅಪ್ಪನೇ ಚೀಲ ಹೊತ್ತರು. ಮೊದಲ ಎರಡು ದಿನ 68, 68. ಮುಂಚೂಣಿಯಲ್ಲಿ ಹೆಸರು ಕಾಣುತ್ತಿತ್ತು. ಮೂರನೇ ದಿನ 79, ನಾಲ್ಕನೇ ದಿನ 76. ಕೊನೆಗೆ 41ನೇ ಸ್ಥಾನ.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಅದೇ ನವೆಂಬರಿನಲ್ಲಿ ಗುರುಗ್ರಾಮದಲ್ಲಿ ಹೀರೋ ವಿಮೆನ್ಸ್ ಇಂಡಿಯನ್ ಓಪನ್ ಗೆದ್ದು, ಲೇಡೀಸ್ ಯುರೋಪಿಯನ್ ಟೂರ್ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು. ಅದರ ಬೆನ್ನಿಗೇ ದೋಹಾದಲ್ಲಿ ಕತಾರ್ ಓಪನ್ ಕೂಡ ಅವರದಾಯಿತು. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ್ತಿ ಪ್ರಶಸ್ತಿಯೂ ಬಂತು. 2017ರಿಂದ ಅಮೆರಿಕದ ಎಲ್‌ಪಿಜಿಎ ಟೂರ್. ಆ ವರ್ಷದ ಕೊನೆಗೆ ಅಬುಧಾಬಿಯಲ್ಲಿ ಮೂರನೇ ಯುರೋಪಿಯನ್ ಟೂರ್ ಪ್ರಶಸ್ತಿ. 2020ಕ್ಕೆ ಅರ್ಜುನ ಪ್ರಶಸ್ತಿ.

ಬಲ ಕಡಿಮೆ, ಲೆಕ್ಕ ಪಕ್ಕಾ

ಈಗ ಮೊದಲು ಹೇಳಿದ ನಿಯಮಕ್ಕೆ ಬರೋಣ. ಅದಿತಿ ದೂರ ಹೊಡೆಯುವವರಲ್ಲ. ಇವತ್ತಿನ ಮಹಿಳಾ ಗಾಲ್ಫ್‌ನಲ್ಲಿ ಎದುರಾಳಿಗಳು ಮೊದಲ ಹೊಡೆತದಲ್ಲೇ ಇವರಿಗಿಂತ ಎಷ್ಟೋ ಮುಂದೆ ಚೆಂಡು ಇಡ್ತಾರೆ. ಅಂದರೆ ಪ್ರತಿ ಹೋಲ್‌ನಲ್ಲೂ ಎರಡನೇ ಹೊಡೆತವನ್ನು ಇವರು ಹೆಚ್ಚು ದೂರದಿಂದ ಹೊಡೆಯಬೇಕು. ದೂರದಿಂದ ಹೊಡೆದಷ್ಟೂ ಗುರಿ ಕಷ್ಟ. 18 ಹೋಲ್, ನಾಲ್ಕು ದಿನ, ಪ್ರತಿ ಸಲವೂ ಈ ಹಿನ್ನಡೆಯಿಂದಲೇ ಶುರು.

ಇದನ್ನು ಅವರು ತುಂಬಿಕೊಳ್ಳುವುದು ಎಲ್ಲಿ? ಕುಳಿಯ ಸುತ್ತ. ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗಕ್ಕೆ 'ಗ್ರೀನ್' ಅನ್ನುತ್ತಾರೆ. ಅಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತ 'ಪಟ್'. ಅದರಲ್ಲಿ ಅದಿತಿ ಜಗತ್ತಿನ ಒಳ್ಳೆಯವರ ಸಾಲಿಗೆ ಸೇರ್ತಾರೆ. ದೂರದ ಹೊಡೆತವೂ ಒಂದೇ ಲೆಕ್ಕ, ಪಟ್ ಕೂಡ ಒಂದೇ ಲೆಕ್ಕ ಅಂತ ಹೇಳಿದ್ದೆನಲ್ಲ? ಬೇರೆಯವರು ಎರಡು ಪಟ್ ತೆಗೆದುಕೊಳ್ಳುವಲ್ಲಿ ಇವರು ಒಂದರಲ್ಲಿ ಮುಗಿಸಿದರೆ ಅಷ್ಟೂ ದೂರದ ಹಿನ್ನಡೆ ಅಳಿಸಿಹೋಗ್ತದೆ.

ಟೋಕಿಯೊದ ನಾಲ್ಕು ದಿನ

ಟೋಕಿಯೊಗೆ ಹೋಗುವಾಗ ಅವರ ವಿಶ್ವ ರ‍್ಯಾಂಕಿಂಗ್ 200. ಕೆಲವೇ ತಿಂಗಳ ಹಿಂದೆ ಕೊರೊನಾ ಬಂದು ಮೈಯ ಶಕ್ತಿ ಇಳಿದಿತ್ತು, ಹೊಡೆತ ಇನ್ನೂ ಗಿಡ್ಡ ಆಗಿತ್ತು. ಈ ಸಲ ಚೀಲ ಹೊತ್ತವರು ಅಮ್ಮ ಮಾಹೇಶ್ವರಿ. 60 ಆಟಗಾರ್ತಿಯರಲ್ಲಿ ದೂರದ ಲೆಕ್ಕಕ್ಕೆ ಅದಿತಿ ಕೊನೆಯ ಸಾಲಿನಲ್ಲಿ. ಆದರೆ ಪಟ್ ಲೆಕ್ಕಕ್ಕೆ ಎಲ್ಲರಿಗಿಂತ ಮೇಲಿನ ಸಾಲಿನಲ್ಲಿ.

ಅಂಕಿಗಳನ್ನು ಸ್ವಲ್ಪ ನಿಧಾನಕ್ಕೆ ಹೇಳ್ತೇನೆ, ಕೇಳಿ. ಕಾಸುಮಿಗಾಸೆಕಿ ಮೈದಾನದ ಪಾರ್ 71. ಅದಿತಿ ಮೊದಲ ಮೂರು ದಿನ 67, 66, 68. ಒಟ್ಟು 201, ಎರಡನೇ ಸ್ಥಾನ. ಅಮೆರಿಕದ ನೆಲ್ಲಿ ಕೋರ್ಡಾ 198ರಲ್ಲಿ ಮುಂದೆ ಇದ್ದರು. ನ್ಯೂಜಿಲೆಂಡಿನ ಲಿಡಿಯಾ ಕೊ ಮತ್ತು ಜಪಾನಿನ ಮೋನೆ ಇನಾಮಿ ಇಬ್ಬರೂ 203ರಲ್ಲಿ, ಅಂದರೆ ಅದಿತಿಗಿಂತ ಎರಡು ಹೊಡೆತ ಹಿಂದೆ. ಬಿರುಗಾಳಿ ಮಳೆಯ ಮುನ್ಸೂಚನೆ ಇತ್ತು. ಕೊನೆಯ ಸುತ್ತು ಮುಗಿಸಲು ಆಗದಿದ್ದರೆ ಮೂರು ಸುತ್ತಿನ ಲೆಕ್ಕವೇ ಅಂತಿಮ ಆಗುವ ಸಾಧ್ಯತೆ ಇತ್ತು. ಹಾಗಾಗಿದ್ದರೆ ಬೆಳ್ಳಿ ನಮ್ಮದೇ.

ಮಳೆ ಬಂತು, ಆಟ ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಗಿ ಮುಗಿಯಿತು. ಕೊನೆಯ ದಿನ ಅದಿತಿ 68. ಒಟ್ಟು 269. ಕೊ ಮತ್ತು ಇನಾಮಿ ಇಬ್ಬರೂ 65. ಒಟ್ಟು 268. ಕೋರ್ಡಾ 267, ಚಿನ್ನ. ಬೆಳ್ಳಿಗಾಗಿ ಇನಾಮಿ, ಕೊ ನಡುವೆ ಪ್ಲೇಆಫ್ ನಡೆದು ಇನಾಮಿ ಗೆದ್ದರು, ಕೊ ಅವರಿಗೆ ಕಂಚು. ಕೊನೆಯ ಹೋಲ್‌ನಲ್ಲಿ ಬರ್ಡಿ ಬಿದ್ದಿದ್ದರೆ ಅದಿತಿಯೂ ಆ ಪ್ಲೇಆಫ್‌ನಲ್ಲಿ ಇರ್ತಿದ್ದರು. ದೂರದ ಪಟ್, ಬೀಳಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದ್ದು ಒಂದು ಉಂಟು. ಅದಿತಿ ಕೊನೆಯ ದಿನ ಕುಸಿಯಲಿಲ್ಲ. ಪಾರ್‌ಗಿಂತ ಮೂರು ಕಡಿಮೆ ಹೊಡೆದರು, ಅದು ಒಳ್ಳೆಯ ಆಟ. ಉಳಿದ ಇಬ್ಬರು ಅದಕ್ಕಿಂತ ಒಳ್ಳೆಯದು ಆಡಿದರು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ" ಅಂತ ಎಲ್ಲರೂ ಹೇಳಿದರು. ನನಗೆ ಆ ಗಾದೆ ಇಲ್ಲಿ ಸರಿಹೊಂದುವುದಿಲ್ಲ ಅನ್ನಿಸ್ತದೆ. ಗಾಲ್ಫ್‌ನಲ್ಲಿ 72ನೇ ಹೋಲ್ ಮುಗಿಯುವವರೆಗೆ ತುತ್ತು ಯಾರ ಕೈಗೂ ಬಂದಿರುವುದಿಲ್ಲ. 1960ರಲ್ಲಿ ಮಿಲ್ಖಾ ಸಿಂಗ್, 1984ರಲ್ಲಿ ಪಿ.ಟಿ. ಉಷಾ, 2016ರಲ್ಲಿ ದೀಪಾ ಕರ್ಮಾಕರ್. ನಮ್ಮ ನಾಲ್ಕನೇ ಸ್ಥಾನಗಳ ಸಾಲು ಉದ್ದ ಉಂಟು. ಇವರಲ್ಲಿ ಯಾರನ್ನು ನಾವು ಸೋತವರು ಅಂತ ಕರೀತೇವೆ?

ನಿಜವಾದ ಕುಸಿತ, ಮತ್ತು ಎಂಟು ವಾರ

ಕುಸಿತ ಅಂದರೆ ಹಾಂಗ್‌ಝೌ. 2023ರ ಏಷ್ಯನ್ ಗೇಮ್ಸ್. ಆ ವರ್ಷ ಅದಿತಿ ತುಂಬ ಚೆನ್ನಾಗಿ ಆಡ್ತಾ ಇದ್ದರು. ಫೆಬ್ರುವರಿಯಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದಲ್ಲಿ ಪ್ರಶಸ್ತಿ. ಏಪ್ರಿಲ್ ಕೊನೆಗೆ ಲಾಸ್ ಏಂಜಲಿಸ್‌ನ ಎಲ್‌ಪಿಜಿಎ ಪಂದ್ಯದಲ್ಲಿ ಮೂವರ ಪ್ಲೇಆಫ್‌ವರೆಗೆ ಹೋದರು, ಆಸ್ಟ್ರೇಲಿಯಾದ ಹನ್ನಾ ಗ್ರೀನ್ ಗೆದ್ದರು.

ಹಾಂಗ್‌ಝೌನಲ್ಲಿ ಮೊದಲ ಮೂರು ದಿನ 67, 66, 61. ಪಾರ್‌ಗಿಂತ 22 ಕಡಿಮೆ, ಏಳು ಹೊಡೆತಗಳ ಮುನ್ನಡೆ. ಚಿನ್ನ ಬರೆದಿಟ್ಟ ಹಾಗೆ ಅಂತ ಎಲ್ಲರೂ ಅಂದುಕೊಂಡರು. ಅಕ್ಟೋಬರ್ 1ರ ಕೊನೆಯ ಸುತ್ತಿನಲ್ಲಿ 77. ಥಾಯ್ಲೆಂಡಿನ ಅರ್ಪಿಚಯಾ ಯುಬೋಲ್ ಶಾಂತವಾಗಿ 68 ಆಡಿ, ಎರಡು ಹೊಡೆತಗಳಿಂದ ಚಿನ್ನ ಗೆದ್ದರು. ಅದಿತಿಗೆ ಬೆಳ್ಳಿ.

ಒಮ್ಮೆ ಯೋಚಿಸಿ. ಹಿಂದಿನ ದಿನ 61, ಮರುದಿನ 77. ಅದೇ ಮೈದಾನ, ಅದೇ ಕೈ. ಹದಿನಾರು ಹೊಡೆತಗಳ ವ್ಯತ್ಯಾಸ. ಗಾಲ್ಫ್ ಯಾಕೆ ಕಷ್ಟ ಅಂತ ಕೇಳಿದವರಿಗೆ ಈ ಎರಡು ಅಂಕಿ ತೋರಿಸಿದರೆ ಸಾಕು. ಸ್ವಾರಸ್ಯ ನೋಡಿ, ಟೋಕಿಯೊದಲ್ಲಿ ಚೆನ್ನಾಗಿ ಆಡಿದಾಗ ಬರಿಗೈ, ಇಲ್ಲಿ ಕೊನೆಯ ದಿನ ಕೈಕೊಟ್ಟರೂ ಪದಕ. ಅದೂ ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರು ಪಡೆದ ಮೊದಲ ಪದಕ.

ಮುಂದೇನಾಯ್ತು? ಎಂಟು ವಾರ ಕಳೆದು, ನವೆಂಬರ್ 26ರಂದು ಸ್ಪೇನಿನಲ್ಲಿ ಓಪನ್ ಡಿ ಎಸ್ಪಾನ್ಯಾ ಗೆದ್ದರು. ಐದನೇ ಯುರೋಪಿಯನ್ ಟೂರ್ ಪ್ರಶಸ್ತಿ. ಏಳು ಹೊಡೆತಗಳ ಮುನ್ನಡೆ ಕಳಕೊಂಡ ನೆನಪು ಎದೆಯಲ್ಲಿ ಇಟ್ಟುಕೊಂಡು, ಮತ್ತೆ ಕೊನೆಯ ದಿನ ಮುಂದೆ ನಿಂತು ಮುಗಿಸುವುದು ಸಣ್ಣ ಕೆಲಸ ಅಲ್ಲ. ನನ್ನ ಮಟ್ಟಿಗೆ ಅವರ ದೊಡ್ಡ ಗೆಲುವು ಇದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 29ನೇ ಸ್ಥಾನ. ಎಲ್‌ಪಿಜಿಎ ಪ್ರಶಸ್ತಿ 2024ರ ಕೊನೆಯವರೆಗೂ ಕೈಗೆ ಸಿಗಲಿಲ್ಲ. ಅದನ್ನೂ ಹೇಳಬೇಕು, ಹೇಳದಿದ್ದರೆ ಲೆಕ್ಕ ಪೂರ್ತಿ ಆಗುವುದಿಲ್ಲ.

ನಾರ್ವೆಯಿಂದ ಒಂದು ಪಾಠ

ವರ್ಷದ ಅರ್ಧ ಹಿಮ ಬೀಳುವ ನಾರ್ವೆಯಲ್ಲಿ ಗಾಲ್ಫ್ ಬೆಳೆಯುವುದು ಹೇಗೆ? ಅಲ್ಲಿನ ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆದರೂ 1981ರಲ್ಲಿ ಓಸ್ಲೊದಲ್ಲಿ ಹುಟ್ಟಿದ ಸುಜಾನ್ ಪೆಟರ್ಸನ್ ಎಂಬಾಕೆ 15 ಎಲ್‌ಪಿಜಿಎ ಪ್ರಶಸ್ತಿ ಗೆದ್ದರು. ಅದರಲ್ಲಿ ಎರಡು 'ಮೇಜರ್', ಅಂದರೆ ವರ್ಷದ ಅತಿ ದೊಡ್ಡ ಪಂದ್ಯಗಳು: 2007ರ ಎಲ್‌ಪಿಜಿಎ ಚಾಂಪಿಯನ್‌ಷಿಪ್ ಮತ್ತು 2013ರ ಎವಿಯನ್. ಮಗು ಹುಟ್ಟಿದ ಮೇಲೆ ದೀರ್ಘ ಬಿಡುವು ತೆಗೆದುಕೊಂಡು, 2019ರ ಸೋಲ್ಹೈಮ್ ಕಪ್‌ನಲ್ಲಿ ಯುರೋಪ್ ತಂಡಕ್ಕೆ ಕೊನೆಯ ಪಟ್ ಹಾಕಿ ಗೆಲ್ಲಿಸಿ, ಅಲ್ಲೇ ನಿವೃತ್ತಿ ಹೇಳಿದರು. ಮರುವರ್ಷ ವಿಕ್ಟರ್ ಹೋವ್ಲಾಂಡ್ ಅಮೆರಿಕದ ಪಿಜಿಎ ಟೂರ್ ಗೆದ್ದ ಮೊದಲ ನಾರ್ವೆಯವರಾದರು. ಒಬ್ಬರು ಮುಂದೆ ಹೋಗಿ ತೋರಿಸಿದರೆ, ಹಿಂದೆ ಬರುವವರಿಗೆ "ನಮ್ಮೂರವರಿಂದ ಆಗ್ತದೆ" ಅನ್ನುವ ಧೈರ್ಯ ಬರ್ತದೆ.

ಅಂಥ ಧೈರ್ಯ ನಮ್ಮಲ್ಲೂ ಕಾಣ್ತಾ ಉಂಟು. ಹಾಂಗ್‌ಝೌಗೆ ಹೋದ ಭಾರತದ ಮಹಿಳಾ ಗಾಲ್ಫ್ ತಂಡದಲ್ಲಿ ಇದ್ದದ್ದು ಮೂವರು: ಅದಿತಿ ಅಶೋಕ್, ಅವನಿ ಪ್ರಶಾಂತ್, ಪ್ರಣವಿ ಅರಸ್. ಮೊದಲ ಇಬ್ಬರು ಬೆಂಗಳೂರಿನವರು, ಪ್ರಣವಿ ಮೈಸೂರಿನವರು. ಮೂವರೂ ಕರ್ನಾಟಕದವರೇ!

ನಮ್ಮ ಕಡೆಗೆ ಎಂತ?

ಪೊಳಲಿಯಿಂದ ಕೈಕಂಬ, ಗುರುಪುರ ದಾಟಿ ವಾಮಂಜೂರು ಕಡೆಗೆ ಹೋದರೆ ಪಿಲಿಕುಳ. ಅಲ್ಲಿ ಗಾಲ್ಫ್ ಮೈದಾನ ಉಂಟು. ಪಿಲಿಕುಳಕ್ಕೆ ಮಕ್ಕಳನ್ನು ಹುಲಿ ನೋಡಲು ಕರೆದುಕೊಂಡು ಹೋದವರು ಸಾವಿರಾರು. ಗಾಲ್ಫ್ ನೋಡಲು ಹೋದವರು ಎಷ್ಟು ಮಂದಿ?

ಖರ್ಚಿನ ಆಟ ಅನ್ನುವುದು ಸುಳ್ಳಲ್ಲ. ಮೈದಾನಕ್ಕೆ ಎಕರೆಗಟ್ಟಲೆ ಜಾಗ ಬೇಕು, ನೀರು ಬೇಕು. ಕೋಲು, ತರಬೇತಿ, ಪ್ರಯಾಣ ಎಲ್ಲಕ್ಕೂ ಹಣ. ಅದಿತಿಗೆ ಜೊತೆ ನಿಂತ ಅಪ್ಪ ಅಮ್ಮ ಇದ್ದರು, ಮನೆ ಹತ್ತಿರ ಮೈದಾನ ಇತ್ತು. ಅದು ಎಲ್ಲ ಮಕ್ಕಳಿಗೆ ಸಿಗುವುದಿಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಬಿಡದಿ ಹತ್ತಿರದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಅವರು ಅಲ್ಲಿನ ಗಾಲ್ಫ್ ರೆಸಾರ್ಟಿನಲ್ಲಿ ಆಟ ಕಲಿತು ವೃತ್ತಿಪರರಾದವರು. ಹತ್ತಿರದಲ್ಲಿ ಮೈದಾನ ಇದ್ದು, ಒಳಗೆ ಬಿಟ್ಟುಕೊಳ್ಳುವವರು ಇದ್ದರೆ ದಾರಿ ಆಗ್ತದೆ.

ಮನೆಯಲ್ಲಿ ಮಗಳು ಆಟ ಆಡ್ತಾಳೆ ಅಂದರೆ ನಾವು ಮೊದಲು ಕೇಳುವುದು, "ಅದರಿಂದ ಎಂತ ಸಿಗ್ತದೆ?" ಅದು ಗಾಲ್ಫ್ ಇರಲಿ, ಕಬಡ್ಡಿ ಇರಲಿ, ತ್ರೋಬಾಲ್ ಇರಲಿ. ಅದಿತಿ ಅವರ ದಾರಿ ನೋಡಿದರೆ ಉತ್ತರ ಒಂದೇ ಸಾಲಿನಲ್ಲಿ ಬರುವುದಿಲ್ಲ. ಐದು ಪ್ರಶಸ್ತಿ, ಒಂದು ಬೆಳ್ಳಿ, ಮೂರು ಒಲಿಂಪಿಕ್ಸ್, ಒಂದು ಹೊಡೆತದಲ್ಲಿ ತಪ್ಪಿದ ಪದಕ, ಕೈಜಾರಿದ ಒಂದು ಚಿನ್ನ, ದಾಟಿದ ಕಟ್, ದಾಟದ ಕಟ್. ಎಲ್ಲ ಸೇರಿಯೇ ಒಂದು ದುಡಿಮೆ. ರೈತರ ವರ್ಷದ ಹಾಗೆ: ಒಂದು ಮಳೆ ನೋಡಿ ಇಡೀ ಬೇಸಾಯವನ್ನು ಅಳೆಯಲು ಆಗುವುದಿಲ್ಲ.

ಮುಂದಿನ ಸಲ ಟಿವಿಯಲ್ಲೋ ಮೊಬೈಲಿನಲ್ಲೋ ಗಾಲ್ಫ್ ಪಟ್ಟಿ ಕಂಡರೆ, ಮೇಲಿನ ಹೆಸರು ಮಾತ್ರ ನೋಡಬೇಡಿ. ನಾಲ್ಕು ದಿನದ ನಾಲ್ಕು ಅಂಕಿ ಓದಿ. ಯಾರು ಯಾವ ದಿನ ಬಿದ್ದರು, ಯಾವ ದಿನ ಎದ್ದರು ಅಂತ ಅಲ್ಲೇ ಕಾಣ್ತದೆ.

ಇವತ್ತಿಗೆ ಇಷ್ಟು. ನಿಮ್ಮೂರಿನ ಯಾವ ಆಟಗಾರ್ತಿಯ ಬಗ್ಗೆ ಮಾತಾಡಬೇಕು ಅಂತ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗುವ. ನಮಸ್ಕಾರ.